ರೀಮ್ಸ್ ನಗರ ದರ್ಶನ

ಪರದೇಶವೊಂದನ್ನು ಅರಿಯಬೇಕಾದರೆ ಅದರ ರಾಜಧಾನಿಯನ್ನು ಕಂಡರೆ ಮಾತ್ರ ಸಾಲದು. ರಾಜಧಾನಿಯಲ್ಲಿ ನಾಲ್ಕು ದಿಕ್ಕಿನ ಜನರೂ ನೆರೆದಿರುತ್ತಾರೆ. ಆ ನಾಡಿನ ಸ್ವಂತ ಮುಖವು ಆ ಗದ್ದಲದಲ್ಲಿ ಎಷ್ಟೋ ಸಲ ಮರೆಯಾಗಿ ಹೋಗುವುದು. ಆದುದರಿಂದ ಫ್ರಾನ್ಸ್ ದೇಶದಲ್ಲಿ ನಾವು ಕೆಲವು ದಿನಗಳನ್ನು ಕಳೆದಾಗ, ಅವುಗಳಲ್ಲಿ ಒಂದು ದಿನವನ್ನು ಪ್ಯಾರಿಸಿಗೆ ಸಮೀಪದ ರೀಮ್ಸ್ ನಗರಕ್ಕೆಂದು ಮೀಸಲಿಟ್ಟೆವು. ಪ್ಯಾರಿಸಿನಿಂದ ಆ ಊರಿಗೆ ರೈಲಿನಲ್ಲಿ ತಗಲುವ ಕಾಲ ಸುಮಾರು 45 ನಿಮಿಷ. ಅಂದರೆ, ವಿದ್ಯಾರ್ಥಿಗಳೇ, ನಿಮ್ಮ ಶಾಲೆಯ ಒಂದು ಪಿರಿಯಡ್ಡಿನಷ್ಟು ಹೊತ್ತು. ಆ ಅಲ್ಪಾವಧಿಯ ಪ್ರಯಾಣವು ನಮಗೆ ಹದಿನೆಂಟು ಶತಮಾನಗಳ ಇತಿಹಾಸವನ್ನು ತೋರಿಸಿತು. ಅದಕ್ಕಿಂತ ಹೆಚ್ಚಾಗಿ, ಶಾಲೆ ಎಂಬ ಸಂಸ್ಥೆಗೆ ಊರೊಂದರ ಬಾಳಿನಲ್ಲಿ ಎಷ್ಟು ಬೆಲೆಯುಂಟೆಂಬುದನ್ನು ಮನಗಾಣಿಸಿತು. ಅದನ್ನೇ ಇಲ್ಲಿ ನಿಮಗಾಗಿ ಬರೆದಿದ್ದೇವೆ.

ಮೊದಲು ಊರಿನ ಹೆಸರಿನ ವಿಷಯ. ನಮ್ಮ ಇತಿಹಾಸದ ಪುಸ್ತಕಗಳಲ್ಲಿಯೂ ಭೂಪಟಗಳಲ್ಲಿಯೂ ರೀಮ್ಸ್ ಎಂದೇ ಅಚ್ಚಾಗಿರುವುದು. ಆದರೆ ಅಲ್ಲಿಯ ಜನರು ಅದನ್ನು ಮೂಗಿನಿಂದ ಉಚ್ಚರಿಸುತ್ತಾರೆ. ಹೆಚ್ಚುಕಡಮೆ 'ರ‍್ಯಾಂಸ್' ಎಂದು ಕೇಳಿಸುವುದು. ನಾವು ಮೊದಲ ಸಲ ತಿಕೀಟು ಕೇಳಿದಾಗ ಕಿಟಕಿಯಲ್ಲಿದ್ದವರಿಗೆ ತಿಳಿಯಲೇ ಇಲ್ಲ. ಕಾಗದದ ಮೇಲೆ ಬರೆದು ತೋರಿಸಿದ ಮೇಲೆಯೇ ಕೆಲಸವಾಯಿತು. ನಮ್ಮಲ್ಲಿ ಬರೆದಂತೆಯೇ ಓದುವ ಸೌಕರ್ಯವುಂಟು. ಅದು ಎಲ್ಲ ಭಾಷೆಗಳಿಗೂ ದೊರೆತ ಭಾಗ್ಯವಲ್ಲ.

ಪೂರ್ವದ ನಿಲ್ದಾಣ

ಪ್ಯಾರಿಸ್ ನಗರದಲ್ಲಿ ದಿಕ್ಕು ದಿಕ್ಕಿಗೆ ಬೇರೆ ಬೇರೆ ರೈಲು ನಿಲ್ದಾಣಗಳುಂಟು. ಮುಂಬಯಿಯಲ್ಲಿ ಬೆಳೆದ ನಿಮಗೆ ಇದು ಹೊಸದಲ್ಲ. ರೀಮ್ಸಿಗೆ ಹೋಗುವವರು 'ಗಾರ್ ದ ಲೆಸ್ತ್' ಎಂಬ ನಿಲ್ದಾಣಕ್ಕೆ ಬರಬೇಕು. ಆ ಹೆಸರಿಗೆ ಪೂರ್ವದ ನಿಲ್ದಾಣವೆಂದೇ ಅರ್ಥ. ಇದು 1849ರಲ್ಲಿ ತೆರೆದುದು. ಜರ್ಮನಿಯ ಗಡಿಯ ಕಡೆಗೆ ಹೋಗುವ ಹಳಿಗಳೆಲ್ಲ ಇಲ್ಲಿಂದ ಹೊರಡುವುದರಿಂದ, 1914ರ ಆಗಸ್ಟ್ ತಿಂಗಳಿನಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಸಾವಿರಾರು ತರುಣರು ಇಲ್ಲಿಯೇ ಗಾಡಿ ಹತ್ತಿದರು.

ನಿಲ್ದಾಣದ ಒಳಗಡೆ ಆ ದೃಶ್ಯದ ಬಹು ದೊಡ್ಡ ವರ್ಣಚಿತ್ರವೊಂದು ತೂಗುತ್ತಿದೆ. ಅದನ್ನು ಬರೆದವನು ಆಲ್ಬರ್ಟ್ ಹರ್ಟರ್ ಎಂಬ ಅಮೆರಿಕದ ಚಿತ್ರಕಾರ. ಅವನ ಮಗನು ಅದೇ ಯುದ್ಧದಲ್ಲಿ, 1918ರಲ್ಲಿ, ಫ್ರಾನ್ಸಿನ ನೆಲದಲ್ಲಿ ಮಡಿದನು. ತಂದೆಯು ಈ ಚಿತ್ರವನ್ನು ಬರೆದು 1926ರಲ್ಲಿ ಕಾಣಿಕೆಯಾಗಿ ಕೊಟ್ಟನು. ಚಿತ್ರದ ನಡುವೆ ಗಾಡಿಯ ಬಾಗಿಲಿನಲ್ಲಿ ತರುಣನೊಬ್ಬನು ಕೈಗಳನ್ನು ಅಗಲವಾಗಿ ಚಾಚಿ ನಿಂತಿದ್ದಾನೆ. ಅವನ ಬಂದೂಕಿನ ತುದಿಯಲ್ಲಿ ಹೂವುಗಳಿವೆ. ಒಂದು ಬದಿಗೆ ಹೂಗುಚ್ಛ ಹಿಡಿದ ಮುದುಕನಿದ್ದಾನೆ; ಅದು ಚಿತ್ರಕಾರನ ಸ್ವಂತ ರೂಪ. ಗಾಡಿ ಹಿಡಿಯುವ ಅವಸರದಲ್ಲಿರುವ ಜನರು ಆ ಚಿತ್ರದ ಕೆಳಗಿನಿಂದಲೇ ದಿನವೂ ಓಡಾಡುತ್ತಾರೆ. ನಾವೂ ಹಾಗೆಯೇ ಸಾಗಿ ಹೋಗಿ ನಮ್ಮ ಡಬ್ಬಿಯನ್ನು ಹತ್ತಿದೆವು.

ಅತಿವೇಗದ ಗಾಡಿ

ಪ್ಯಾರಿಸಿಗೂ ರೀಮ್ಸಿಗೂ ನೇರ ಅಂತರ ಸುಮಾರು 130 ಕಿಲೊಮೀಟರು. ಹಿಂದೆ ಈ ಪ್ರಯಾಣಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. 2007ರ ಜೂನ್ ತಿಂಗಳಿನಲ್ಲಿ ಪೂರ್ವದ ಅತಿವೇಗದ ಹಳಿಯನ್ನು ತೆರೆದ ಮೇಲೆ ಅದು ಅರ್ಧಕ್ಕೆ ಇಳಿಯಿತು. ಗಾಡಿಯು ಗಂಟೆಗೆ 320 ಕಿಲೊಮೀಟರಿನವರೆಗೆ ಓಡುವುದು. ಇದನ್ನು ಗಣಿತಕ್ಕೆ ಇಳಿಸಿ ನೋಡಿರಿ: ಒಂದು ಸೆಕೆಂಡಿಗೆ ಸುಮಾರು 89 ಮೀಟರು. 'ಒಂದು' ಎಂದು ನೀವು ಎಣಿಸಿ ಮುಗಿಸುವುದರೊಳಗೆ ಗಾಡಿಯು ಶಾಲೆಯ ಆಟದ ಬಯಲನ್ನು ದಾಟಿರುತ್ತದೆ. ಇದೇ ಹಳಿಯ ಮೇಲೆ 2007ರ ಏಪ್ರಿಲ್ 3ರಂದು, ಪರೀಕ್ಷೆಗಾಗಿ ಸಿದ್ಧಪಡಿಸಿದ ಗಾಡಿಯೊಂದು ಗಂಟೆಗೆ 574.8 ಕಿಲೊಮೀಟರಿನ ವೇಗವನ್ನು ಮುಟ್ಟಿತ್ತು.

ಇಂಥ ವೇಗವು ಬಲವಾದ ಯಂತ್ರವೊಂದರಿಂದಲೇ ಸಾಧ್ಯವಾಗುವುದಿಲ್ಲ. ಹಳಿಯ ತಿರುವುಗಳು ಬಹಳ ವಿಶಾಲವಾಗಿರಬೇಕು. ರಸ್ತೆಗಳು ಹಳಿಯನ್ನು ಅಡ್ಡಹಾಯದೆ ಸೇತುವೆಯ ಮೇಲಾಗಲಿ ಕೆಳಗಾಗಲಿ ಹೋಗಬೇಕು. ಅಷ್ಟು ವೇಗದಲ್ಲಿ ಹಳಿಯ ಪಕ್ಕದ ಸಿಗ್ನಲ್ ಕಂಬಗಳನ್ನು ನೋಡಿ ತಿಳಿದುಕೊಳ್ಳುವುದು ಚಾಲಕನಿಗೆ ಸಾಧ್ಯವಿಲ್ಲ. ಆದುದರಿಂದ ಮುಂದಿನ ಹಾದಿಯ ಸೂಚನೆಯು ಅವನ ಎದುರಿಗಿನ ಫಲಕದಲ್ಲಿಯೇ ಮೂಡುವಂತೆ ಏರ್ಪಾಡು ಮಾಡಿದ್ದಾರೆ.

ಒಳಗೆ ಕುಳಿತವರಿಗೆ ಆ ವೇಗದ ಅರಿವು ಅಷ್ಟಾಗಿ ಆಗುವುದಿಲ್ಲ. ಕಿಟಕಿಯ ಹತ್ತಿರದ ಕಂಬಗಳು ಗೆರೆಯಂತೆ ಸರಿದು ಹೋಗುತ್ತಿದ್ದರೂ ದೂರದ ಹೊಲಗಳು ನಿಧಾನವಾಗಿಯೇ ತಿರುಗುತ್ತಿದ್ದವು. ಗೋದಿಯ ಹೊಲಗಳು, ಸಕ್ಕರೆ ಬೀಟಿನ ಹೊಲಗಳು, ನಡುನಡುವೆ ಕಾಡಿನ ತುಂಡುಗಳು, ಇಗರ್ಜಿಯ ಶಿಖರವುಳ್ಳ ಚಿಕ್ಕ ಹಳ್ಳಿಗಳು. 1914ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆಯನ್ನು ತಡೆದು ನಿಲ್ಲಿಸಿದ ಮಾರ್ನ್ ನದಿಯ ಕಾಳಗವು ನಡೆದುದು ಈ ಸೀಮೆಯಲ್ಲಿಯೇ. ಈಗ ನೋಡಿದರೆ ಆ ನೆಲದಲ್ಲಿ ಅದರ ಗುರುತೇ ಇಲ್ಲವೆಂಬಷ್ಟು ಹಸುರು.

ರೋಮನರ ಮಹಾದ್ವಾರ

ರೀಮ್ಸ್ ನಿಲ್ದಾಣದಿಂದ ಹೊರಬಿದ್ದು ಸ್ವಲ್ಪ ದೂರ ನಡೆದರೆ ಮೂರು ಕಮಾನುಗಳ ಹಳೆಯ ಕಲ್ಲಿನ ಬಾಗಿಲೊಂದು ಕಾಣುವುದು. ಇದು ರೋಮನರು ಮೂರನೆಯ ಶತಮಾನದಲ್ಲಿ ಕಟ್ಟಿದ 'ಮಾರ್ಸ್ ದ್ವಾರ'. ಇದರ ಉದ್ದ 32 ಮೀಟರು. ಕಮಾನಿನ ಒಳಮೈಯಲ್ಲಿ ವರ್ಷದ ತಿಂಗಳುಗಳ ಬೇಸಾಯದ ಕೆಲಸಗಳನ್ನು ಕೆತ್ತಿದ್ದಾರೆ. ಗಾಳಿಮಳೆಗೆ ಅವು ಬಹಳ ಸವೆದಿವೆ. ಈ ಸೀಮೆಯಲ್ಲಿ ಆಗ ರೇಮೀ ಎಂಬ ಜನಾಂಗದವರು ವಾಸವಾಗಿದ್ದರು. ಅವರಿಂದಲೇ ಊರಿಗೆ ರೀಮ್ಸ್ ಎಂಬ ಹೆಸರು ಬಂದಿತು. ರೋಮನರ ಕಾಲದಲ್ಲಿ ಇದು ಬೆಲ್ಜಿಕಾ ಪ್ರಾಂತದ ಮುಖ್ಯ ಪಟ್ಟಣವಾಗಿತ್ತು.

ರೋಮನರ ಆಳಿಕೆ ಅಳಿದ ಮೇಲೆ ಫ್ರಾಂಕರೆಂಬವರು ಈ ನಾಡನ್ನು ಗೆದ್ದರು. ಅವರ ಅರಸನಾದ ಕ್ಲೋವಿಸನು ಸುಮಾರು ಕ್ರಿ. ಶ. 500ರ ಹೊತ್ತಿಗೆ ಇದೇ ಊರಿನಲ್ಲಿ ಬಿಶಪ್ ರೆಮಿಯ ಕೈಯಿಂದ ಕ್ರೈಸ್ತ ದೀಕ್ಷೆಯನ್ನು ಪಡೆದನು. ಆ ಸಮಯದಲ್ಲಿ ಪಾರಿವಾಳವೊಂದು ಆಕಾಶದಿಂದ ಪವಿತ್ರ ತೈಲದ ಕುಪ್ಪಿಯನ್ನು ತಂದಿತೆಂದು ಐತಿಹ್ಯವುಂಟು. ಈ ನಂಬಿಕೆಯ ಕಾರಣದಿಂದ ಫ್ರಾನ್ಸಿನ ಅರಸರಲ್ಲಿ ಬಹುಮಟ್ಟಿಗೆ ಎಲ್ಲರೂ ಪಟ್ಟಾಭಿಷೇಕಕ್ಕಾಗಿ ರೀಮ್ಸಿಗೇ ಬರುತ್ತಿದ್ದರು. ಕೊನೆಯ ಪಟ್ಟಾಭಿಷೇಕವು 1825ರಲ್ಲಿ, ಹತ್ತನೆಯ ಚಾರ್ಲ್ಸನಿಗೆ ಆಯಿತು. ತೈಲದ ಕುಪ್ಪಿಯನ್ನು ಅದಕ್ಕೆ ಮುಂಚೆಯೇ, 1793ರಲ್ಲಿ, ಕ್ರಾಂತಿಕಾರರು ಊರಿನ ಚೌಕದಲ್ಲಿ ಬಹಿರಂಗವಾಗಿ ಒಡೆದು ಹಾಕಿದ್ದರು.

ಈ ಪಟ್ಟಾಭಿಷೇಕಗಳಲ್ಲೆಲ್ಲ ಹೆಸರಾದುದು 1429ರ ಜುಲೈ 17ರದು. ಫ್ರಾನ್ಸಿನ ಬಹುಭಾಗವು ಇಂಗ್ಲಿಷರ ಮತ್ತು ಅವರ ಮಿತ್ರರ ವಶವಾಗಿದ್ದ ಕಾಲವದು. ಹದಿನೇಳರ ಹರೆಯದ ಹಳ್ಳಿಯ ಹುಡುಗಿ ಜೋನ್ ಆಫ್ ಆರ್ಕಳು ಸೇನೆಯೊಡನೆ ನಡೆದು, ಧೈರ್ಯಗುಂದಿದ್ದ ರಾಜಕುಮಾರನನ್ನು ಇಲ್ಲಿಗೆ ಕರೆತಂದಳು. ಅವನು ಏಳನೆಯ ಚಾರ್ಲ್ಸನೆಂದು ಕಿರೀಟ ಧರಿಸುವಾಗ ಪಕ್ಕದಲ್ಲಿಯೇ ನಿಂತಿದ್ದಳು. ಎರಡು ವರ್ಷ ತುಂಬುವ ಮೊದಲೇ ಅವಳನ್ನು ರುವಾಂ ನಗರದಲ್ಲಿ ಜೀವಸಹಿತ ಸುಟ್ಟರು.

ಕಲ್ಲಿನ ಕಾವ್ಯ

ರೀಮ್ಸಿನ ಕೆಥೆಡ್ರಲ್, ಅಂದರೆ ಬಿಶಪ್ಪರ ಪೀಠವಿರುವ ಮಹಾ ಇಗರ್ಜಿಯು, ಊರಿನ ನಡುವೆ ಎದ್ದು ನಿಂತಿದೆ. ಹಳೆಯ ಇಗರ್ಜಿಯು 1210ರಲ್ಲಿ ಬೆಂಕಿಗೆ ಆಹುತಿಯಾಗಲು, 1211ರಲ್ಲಿ ಈಗಿನದಕ್ಕೆ ತಳಹದಿಯನ್ನು ಹಾಕಿದರೆಂದು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ಒಳಗಣ ಉದ್ದ 138 ಮೀಟರು. ನಡುಮನೆಯ ಎತ್ತರ 38 ಮೀಟರು. ಗೋಪುರಗಳ ಎತ್ತರ 81 ಮೀಟರು. ಒಳಗೂ ಹೊರಗೂ ಸೇರಿ 2,300ಕ್ಕೂ ಹೆಚ್ಚು ಮೂರ್ತಿಗಳುಂಟು.

ಇಷ್ಟು ಎತ್ತರದ ಗೋಡೆಗಳಲ್ಲಿ ಅಷ್ಟು ವಿಶಾಲವಾದ ಬಣ್ಣದ ಗಾಜಿನ ಕಿಟಕಿಗಳನ್ನು ತೆರೆದಿದ್ದಾರಲ್ಲ, ಗೋಡೆಯು ಕುಸಿಯುವುದಿಲ್ಲವೇಕೆ? ಇದಕ್ಕೆ ಉತ್ತರವು ಹೊರಗಡೆ ಇದೆ. ಮೇಲಿನ ಕಮಾನುಗಳ ಭಾರವು ಗೋಡೆಯನ್ನು ಹೊರಕ್ಕೆ ನೂಕುತ್ತಿರುವುದು. ಆ ನೂಕುವಿಕೆಯನ್ನು ತಡೆಯಲು ಹೊರಗಿನಿಂದ ಕಲ್ಲಿನ ಅರೆಕಮಾನುಗಳನ್ನು ಊರುಗೋಲಿನಂತೆ ಕೊಟ್ಟಿದ್ದಾರೆ. ಭಾರವು ಅವುಗಳ ಮೂಲಕ ದಪ್ಪ ಕಂಬಗಳಿಗೆ ಇಳಿದು ನೆಲವನ್ನು ಸೇರುವುದು. ಹೀಗಾಗಿ ಗೋಡೆಗೆ ಹೊರುವ ಕೆಲಸ ಕಡಮೆಯಾಗಿ, ಅದರ ಜಾಗವನ್ನು ಬೆಳಕಿಗೆ ಬಿಟ್ಟುಕೊಡಲು ಸಾಧ್ಯವಾಯಿತು.

ಈ ಕೆಲಸ ನಡೆಯುತ್ತಿದ್ದ ಶತಮಾನದಲ್ಲಿಯೇ, 1258ರಲ್ಲಿ, ನಮ್ಮ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಮೂರ್ತಿಗಳ ಕೆಳಗೆ ಕೆತ್ತಿದರು. ರೀಮ್ಸಿನ ಸೂತ್ರಧಾರರ ಹೆಸರುಗಳು ನೆಲದ ಮೇಲೆ ಹಾಸಿದ್ದ ಕಲ್ಲಿನ ಚಕ್ರವ್ಯೂಹವೊಂದರಲ್ಲಿ ಇದ್ದವು: ಝಾಂ ದೋರ್ಬೇ, ಝಾಂ ಲ ಲೂ, ಗೋಶೆ, ಬೆರ್ನಾರ್. ಆ ಚಕ್ರವ್ಯೂಹವು ಈಗ ಇಲ್ಲ. ಊರ ಮಕ್ಕಳು ಪೂಜೆಯ ಹೊತ್ತಿನಲ್ಲಿ ಅದರ ಗೆರೆಗಳ ಮೇಲೆ ಓಡಾಡಿ ಗದ್ದಲ ಮಾಡುತ್ತಿದ್ದರಂತೆ! ಅದರಿಂದ ಬೇಸತ್ತ ಪಾದ್ರಿಗಳು 1779ರಲ್ಲಿ ಅದನ್ನು ಕೀಳಿಸಿಬಿಟ್ಟರು. ಸಿಟ್ಟಿನ ಭರದಲ್ಲಿ ಹಿರಿಯರು ಕಳೆದುಕೊಂಡುದು ಎಷ್ಟು ಬೆಲೆಯುಳ್ಳದ್ದೆಂಬುದು ಆಮೇಲೆ ತಿಳಿಯಿತು. ಅದರ ನಕ್ಷೆಯು ಹಳೆಯ ಚಿತ್ರದಲ್ಲಿ ಉಳಿದುಕೊಂಡಿತ್ತು. ಫ್ರಾನ್ಸ್ ದೇಶದಲ್ಲಿ ರಕ್ಷಿತ ಸ್ಮಾರಕಗಳಿಗೆಲ್ಲ ಈಗ ಅದನ್ನೇ ಲಾಂಛನವಾಗಿ ಹಾಕುತ್ತಾರೆ.

ಎದುರು ಬಾಗಿಲುಗಳಲ್ಲಿ ಎಡಗಡೆಯದರ ಬದಿಗೆ ನಿಂತಿರುವ ದೇವದೂತನೊಬ್ಬನನ್ನು ನೋಡಲು ಎಲ್ಲರೂ ಕಾತರರಾಗಿರುತ್ತಾರೆ. ಆ ಕಾಲದ ಇಗರ್ಜಿಗಳ ಮೂರ್ತಿಗಳು ಬಹುವಾಗಿ ಗಂಭೀರ ಮುಖದವು. ಇವನು ಮಾತ್ರ ತಲೆಯನ್ನು ಸ್ವಲ್ಪ ಓರೆ ಮಾಡಿ ಮುಗುಳು ನಗುತ್ತಾನೆ. ಸುಮಾರು 1240ರಲ್ಲಿ ಕೆತ್ತಿದ ಆ ನಗೆಯ ಕಥೆಯನ್ನು ಮುಂದೆ ಹೇಳುವೆವು.

ತಾಯ್ನುಡಿಯ ಮಾಸ್ತರರು

ಈ ಊರಿನಲ್ಲಿ ಹುಟ್ಟಿದವರಲ್ಲಿ ಇಬ್ಬರನ್ನು ನೀವು ನೆನಪಿಡಬೇಕು. ಒಬ್ಬನು 1619ರಲ್ಲಿ ಹುಟ್ಟಿದ ಕೋಲ್ಬೇರ್; ಹದಿನಾಲ್ಕನೆಯ ಲೂಯಿಯ ಮಂತ್ರಿ. 1664ರಲ್ಲಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯನ್ನು ಸ್ಥಾಪಿಸಿದವನು ಇವನೇ. ಫ್ರೆಂಚರು ಪುದುಚೇರಿಗೆ ಬಂದು ನೆಲಸಿದುದು ಆ ಕಂಪನಿಯ ಮೂಲಕ.

ಇನ್ನೊಬ್ಬನು 1651ರಲ್ಲಿ ಹುಟ್ಟಿದ ಝಾಂ-ಬಾತಿಸ್ತ್ ದ ಲಾ ಸಾಲ್. ಶ್ರೀಮಂತರ ಮಗ, ಇದೇ ಕೆಥೆಡ್ರಲಿನಲ್ಲಿ ಗೌರವದ ಪದವಿಯುಳ್ಳ ಪಾದ್ರಿ. ಅವನು ಹುಟ್ಟಿದ ಮನೆಯು ಈಗಲೂ ರೀಮ್ಸಿನಲ್ಲಿ ನಿಂತಿದೆ. ಬಡವರ ಮಕ್ಕಳು ಬೀದಿಯಲ್ಲಿ ಅಲೆಯುವುದನ್ನು ಕಂಡು ಅವನು ಶಾಲೆಗಳ ಕೆಲಸಕ್ಕೆ ಕೈಹಾಕಿದನು. ಮೊದಲು ಮಾಸ್ತರರನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಂಡನು, ಬಂಧುಗಳು ಮುನಿದರು. ಬಳಿಕ ತನ್ನ ಪದವಿಯನ್ನು ಬಿಟ್ಟುಕೊಟ್ಟು, ಬರಗಾಲದ ವರ್ಷದಲ್ಲಿ ತನ್ನ ಆಸ್ತಿಯನ್ನೆಲ್ಲ ಹಸಿದವರಿಗೆ ಹಂಚಿದನು. ಮಾಸ್ತರರನ್ನು ತರಬೇತುಗೊಳಿಸುವ ಶಾಲೆಯನ್ನೂ ತೆರೆದನು. ಒಬ್ಬೊಬ್ಬನನ್ನೇ ಬಳಿಗೆ ಕರೆದು ಪಾಠ ಹೇಳುವ ಪದ್ಧತಿಗೆ ಬದಲಾಗಿ, ಒಂದೇ ಮಟ್ಟದ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂಡಿಸಿ ಕಲಿಸುವ ಕ್ರಮವನ್ನು ಅವನ ಶಾಲೆಗಳು ನೆಲೆಗೊಳಿಸಿದವು.

ಅವನು ಮಾಡಿದ ಇನ್ನೊಂದು ಕೆಲಸವು ನಮಗೆ ತೀರ ಹತ್ತಿರದ್ದು. ಆ ಕಾಲದಲ್ಲಿ ಮಕ್ಕಳಿಗೆ ಮೊದಲು ಲ್ಯಾಟಿನ್ ಓದುವುದನ್ನು ಕಲಿಸುತ್ತಿದ್ದರು. ತಾವು ಆಡುವ ಫ್ರೆಂಚ್ ನುಡಿಯನ್ನು ಓದುವ ಸರದಿ ಆಮೇಲೆ ಬರುತ್ತಿತ್ತು. ಲಾ ಸಾಲನು ಈ ಕ್ರಮವನ್ನು ತಿರುಗುಮುರುಗು ಮಾಡಿದನು. ಹಿರಿಯ ಧರ್ಮಾಧಿಕಾರಿಗಳಿಂದ ಆಕ್ಷೇಪ ಬಂದಾಗ ಅವನು ತನ್ನ ಕಾರಣಗಳನ್ನು ವಿವರಿಸಿ ಬರೆದನು. ಅವುಗಳ ಸಾರ ಇಷ್ಟು: ಮಗುವಿಗೆ ಗೊತ್ತಿರುವ ಮಾತನ್ನು ಓದಲು ಕಲಿಸುವುದು ಸುಲಭ, ಬೇಗ ಕೈಗೂಡುವುದು, ಬಡವರ ಮಕ್ಕಳು ಬಹುಕಾಲ ಶಾಲೆಯಲ್ಲಿ ಇರಲಾರರು, ಅರ್ಥ ತಿಳಿಯದ ಲ್ಯಾಟಿನನ್ನು ಅರ್ಧಂಬರ್ಧ ಕಲಿತು ಹೊರಟುಹೋದರೆ ಅವರಿಗೆ ಅದೂ ಇಲ್ಲ, ಇದೂ ಇಲ್ಲ, ತಮ್ಮ ನುಡಿಯಲ್ಲಿ ಓದು ಬಂದರೆ ಮುಂದೆ ಬೇಕಾದುದನ್ನು ತಾವೇ ಕಲಿತುಕೊಳ್ಳುವರು.

ಪರನಗರದಲ್ಲಿದ್ದುಕೊಂಡು ಕನ್ನಡದಲ್ಲಿ ಕಲಿಯುವ ನೀವು "ಕನ್ನಡದಲ್ಲಿ ಓದಿ ಏನು ಬಂತು?" ಎಂಬ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿರುತ್ತೀರಿ. ಮುನ್ನೂರು ವರ್ಷಗಳ ಹಿಂದೆಯೇ ರೀಮ್ಸಿನ ಈ ಮಾಸ್ತರನಿಗೂ ಅದೇ ಪ್ರಶ್ನೆಯನ್ನು ಹಾಕಿದ್ದರು. ಅಂದು ಪ್ರತಿಷ್ಠೆಯ ಭಾಷೆ ಲ್ಯಾಟಿನ್. ಶಾಲೆಯ ಓದಿನಲ್ಲಿ ಫ್ರೆಂಚಿಗೆ ಎರಡನೆಯ ಸ್ಥಾನ. ಇಂದು ಅದೇ ಫ್ರೆಂಚಿಗೆ ಜಗತ್ತಿನಲ್ಲಿ ಇರುವ ಸ್ಥಾನವನ್ನು ನೀವೇ ಬಲ್ಲಿರಿ. ಲಾ ಸಾಲನು 1719ರಲ್ಲಿ ತೀರಿಕೊಂಡನು. 1950ರಲ್ಲಿ ಕೆಥೊಲಿಕ್ ಧರ್ಮಪೀಠವು ಅವನನ್ನು ಶಿಕ್ಷಕರೆಲ್ಲರ ಪಾಲಕ ಸಂತನೆಂದು ಸಾರಿತು.

ಬೆಂಕಿ

ಇನ್ನು ದೇವದೂತನ ನಗೆಯ ಕಥೆ. 1914ರ ಸೆಪ್ಟೆಂಬರಿನ ಮೊದಲಲ್ಲಿ ಜರ್ಮನ್ ಸೇನೆಯು ರೀಮ್ಸನ್ನು ಹೊಕ್ಕಿತು; ಮಾರ್ನ್ ಕಾಳಗದಲ್ಲಿ ಸೋತು ಕೆಲವೇ ದಿನಗಳಲ್ಲಿ ಹಿಂದೆಗೆಯಿತು. ಆದರೆ ಬಹಳ ದೂರ ಹೋಗದೆ ಊರಿನ ಸುತ್ತಣ ದಿಬ್ಬಗಳಲ್ಲಿ ನಿಂತು ತೋಪು ಹಾರಿಸತೊಡಗಿತು. ಗೋಪುರದ ಮೇಲಿಂದ ಫ್ರೆಂಚರು ತಮ್ಮನ್ನು ನೋಡುತ್ತಾರೆಂದು ಜರ್ಮನರು ದೂರಿದರು, ಫ್ರೆಂಚರು ಅಲ್ಲವೆಂದರು. ಉತ್ತರ ಗೋಪುರಕ್ಕೆ ದುರಸ್ತಿಗಾಗಿ ಮರದ ಸಾರುವೆ ಕಟ್ಟಿತ್ತು. ಸೆಪ್ಟೆಂಬರ್ 19ರಂದು ಗುಂಡುಗಳು ಬಿದ್ದು ಆ ಸಾರುವೆಗೆ ಬೆಂಕಿ ಹತ್ತಿತು. ಅಲ್ಲಿಂದ ಮಾಡಿನ ತೊಲೆಗಳಿಗೆ ಹಬ್ಬಿತು. ಮಾಡಿಗೆ ಹೊದಿಸಿದ್ದ ಸೀಸದ ತಗಡು ಕರಗಿ, ಮಳೆನೀರು ಹೊರಹಾಕಲು ಇಟ್ಟಿದ್ದ ಕಲ್ಲಿನ ಮೃಗಗಳ ಬಾಯಿಂದ ಸುರಿಯಿತು. ಬಾಯಲ್ಲಿ ಸೀಸವು ಹೆಪ್ಪುಗಟ್ಟಿ ನಿಂತಿರುವ ಅಂಥ ಮೃಗಗಳನ್ನು ನೆನಪಿಗಾಗಿ ಕಾದಿರಿಸಿದ್ದಾರೆ. ಉರಿಯುವ ಮರವು ಮೇಲಿನಿಂದ ಬಿದ್ದುದರಿಂದ ನಗುವ ದೇವದೂತನ ತಲೆಯು ಕಡಿದು, ನೆಲಕ್ಕೆ ಬಿದ್ದು ಚೂರಾಯಿತು.

ಅಂದು ಒಳಗಡೆ ಹುಲ್ಲಿನ ಮೇಲೆ ಮಲಗಿದ್ದವರು ಯಾರು ಬಲ್ಲಿರಾ? ಗಾಯಗೊಂಡು ಸೆರೆ ಸಿಕ್ಕಿದ್ದ ಜರ್ಮನ್ ಸಿಪಾಯಿಗಳು. ಹುಲ್ಲಿಗೂ ಬೆಂಕಿ ಹತ್ತಲು ಪಾದ್ರಿಗಳು ಅವರನ್ನು ಹೊರಕ್ಕೆ ಸಾಗಿಸತೊಡಗಿದರು. ಹೊರಗೆ ನೆರೆದಿದ್ದ ಜನರು ತಮ್ಮ ಇಗರ್ಜಿಯು ಉರಿಯುವುದನ್ನು ಕಂಡು ರೋಷದಿಂದ ಅವರ ಮೇಲೆ ಬೀಳಲು ಮುಂದಾದರು. ಪಾದ್ರಿಗಳು ಅಡ್ಡ ಬಂದು ನಿಂತು ತಡೆದರು. ಎಲ್ಲರನ್ನೂ ಉಳಿಸಲಾಗಲಿಲ್ಲ, ಆದರೂ ಹಲವರು ಬದುಕಿಕೊಂಡರು. ಸ್ವಂತ ಮನೆಯು ಉರಿಯುತ್ತಿರುವಾಗ ಶತ್ರುವಿನ ಜೀವಕ್ಕಾಗಿ ನಿಲ್ಲುವುದು ಎಷ್ಟು ಕಠಿಣವೆಂಬುದನ್ನು ಆಲೋಚಿಸಿರಿ.

ನೆಲದಡಿಯ ಶಾಲೆಗಳು

ತೋಪಿನ ಹೊಡೆತವು ಒಂದು ದಿನಕ್ಕೆ ನಿಲ್ಲಲಿಲ್ಲ. ನಾಲ್ಕು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ದಿನ ಊರಿನ ಮೇಲೆ ಗುಂಡುಗಳು ಬಿದ್ದವು. ಹಾಗಿದ್ದರೆ ಮಕ್ಕಳ ಗತಿಯೇನು?

ರೀಮ್ಸಿನ ನೆಲದಡಿಯಲ್ಲಿ ಮತ್ತೊಂದು ಊರೇ ಇದೆ ಎನ್ನಬಹುದು. ಅಲ್ಲಿಯ ಭೂಮಿಯು ಸೀಮೆಸುಣ್ಣದ ಕಲ್ಲು. ನಿಮ್ಮ ಕರಿಹಲಗೆಯ ಮೇಲೆ ಬರೆಯುವ ಬಿಳಿಯ ವಸ್ತುವಿನ ಜಾತಿಯದೇ. ಹಿಂದಿನ ಕಾಲದವರು ಕಟ್ಟಡಕ್ಕಾಗಿ ಅದನ್ನು ಅಗೆದು ತೆಗೆದುದರಿಂದ ಆಳವಾದ ಗುಹೆಗಳಾಗಿದ್ದವು. ಕೆಲವು ಸುಮಾರು 30 ಮೀಟರು ಆಳ. ಶಾಂಪೇನ್ ಎಂಬ ದ್ರಾಕ್ಷಾರಸವನ್ನು ಮಾಡುವ ವ್ಯಾಪಾರಿಗಳು ಆ ಗುಹೆಗಳನ್ನು ಕೂಡಿಸಿ ಉದ್ದನೆಯ ನೆಲಮಾಳಿಗೆಗಳನ್ನು ಮಾಡಿಕೊಂಡರು. ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಅಲ್ಲಿ 10ರಿಂದ 12 ಡಿಗ್ರಿಯಷ್ಟೇ ಉಷ್ಣತೆ ಇರುವುದರಿಂದ ರಸವು ಕೆಡದೆ ಹದಗೊಳ್ಳುವುದು. ಯುದ್ಧಕಾಲದಲ್ಲಿ ಊರ ಜನರು ಈ ನೆಲಮಾಳಿಗೆಗಳಿಗೆ ಇಳಿದರು. ಸೀಸೆಗಳ ಸಾಲುಗಳ ನಡುವೆ ಹಾಸಿಗೆ ಹಾಸಿ ಒಲೆ ಹೂಡಿದರು.

ಆಗ ಅಲ್ಲಿಯ ಪ್ರಾಥಮಿಕ ಶಾಲೆಗಳ ತನಿಖಾಧಿಕಾರಿಯಾಗಿದ್ದ ಒಕ್ತಾವ್ ಫೋರ್ಸಾಂ ಎಂಬಾತನು, ಮಕ್ಕಳು ಕೆಲಸವಿಲ್ಲದೆ ಕತ್ತಲೆಯಲ್ಲಿ ಕುಳಿತಿರಬಾರದೆಂದು ನಿಶ್ಚಯಿಸಿದನು. 1914ರ ಡಿಸೆಂಬರಿನಲ್ಲಿ ಮೊದಲನೆಯ ನೆಲಮಾಳಿಗೆಯ ಶಾಲೆ ತೆರೆಯಿತು. ಆಮೇಲೆ ಇನ್ನೂ ಕೆಲವು ತೆರೆದವು. ಮೋನೂರಿ, ಝೋಫ್ರ್ ಮೊದಲಾದ ಸೇನಾಪತಿಗಳ ಹೆಸರುಗಳನ್ನು ಅವುಗಳಿಗೆ ಇಟ್ಟರು. ದೀಪದ ಬೆಳಕಿನಲ್ಲಿ, ಮೈಮೇಲೆ ದಪ್ಪನೆಯ ಬಟ್ಟೆ ಹೊದ್ದು, ಮಕ್ಕಳು ಲೆಕ್ಕ ಮಾಡಿದರು, ಉಕ್ತಲೇಖನ ಬರೆದರು. ವಿಷವಾಯುವಿನ ಭಯ ಹುಟ್ಟಿದ ಮೇಲೆ ಮುಖವಾಡ ಹಾಕಿಕೊಳ್ಳುವ ಅಭ್ಯಾಸವೂ ಅವರ ಪಾಠಗಳಲ್ಲಿ ಒಂದಾಯಿತು. ಶಾಲೆಗೆ ಬರುವ ಹಾದಿಯೇ ಅಪಾಯದ್ದು. ಮಕ್ಕಳೂ ಮಾಸ್ತರರೂ ಪ್ರತಿದಿನ ಆ ಹಾದಿಯನ್ನು ತುಳಿದರು. ಕೊನೆಗೆ 1918ರ ವಸಂತದಲ್ಲಿ ಉಳಿದಿದ್ದ ಜನರನ್ನೆಲ್ಲ ಊರಿನಿಂದ ಹೊರಗೆ ಕಳುಹಿಸಬೇಕಾಯಿತು.

ಚೂರುಗಳನ್ನು ಕೂಡಿಸಿದ್ದು

ಯುದ್ಧ ಮುಗಿದಾಗ ಊರಿನ ಬಹುಭಾಗವು ಹಾಳುಬಿದ್ದಿತ್ತು. ನಗರಸಭೆಯ ಕಟ್ಟಡವು 1917ರಲ್ಲಿ ಸುಟ್ಟುಹೋದಾಗ ಅದರಲ್ಲಿದ್ದ ಪುಸ್ತಕ ಭಂಡಾರವೂ ಬೆಂಕಿಗೆ ತುತ್ತಾಗಿತ್ತು. ಅಮೆರಿಕದ ಕಾರ್ನೆಗಿ ನಿಧಿಯ ನೆರವಿನಿಂದ 1928ರಲ್ಲಿ ಹೊಸ ಪುಸ್ತಕಾಲಯವು ತೆರೆಯಿತು.

ಕೆಥೆಡ್ರಲಿನ ಜೀರ್ಣೋದ್ಧಾರವನ್ನು ಹೊತ್ತವನು ರೀಮ್ಸಿನವನೇ ಆದ ಆಂರೀ ದನೋ ಎಂಬ ವಾಸ್ತುಶಿಲ್ಪಿ. ಮಾಡಿಗೆ ಮರವನ್ನೇ ಹಾಕಿದರೆ ಮತ್ತೆ ಬೆಂಕಿಯ ಭಯ. ಅದಕ್ಕಾಗಿ ಅವನು ಕಬ್ಬಿಣದ ಸರಳು ಸೇರಿಸಿದ ಕಾಂಕ್ರೀಟಿನ ಚಿಕ್ಕ ಚಿಕ್ಕ ತುಂಡುಗಳನ್ನು ಎರಕ ಹೊಯ್ಸಿ, ಓಕ್ ಮರದ ಬೆಣೆಗಳಿಂದ ಒಂದಕ್ಕೊಂದು ಜೋಡಿಸಿದನು. ತುಂಡುಗಳಿಂದ ಮಾಡು ಕಟ್ಟುವ ಈ ಉಪಾಯವನ್ನು ಅವನು ಹದಿನಾರನೆಯ ಶತಮಾನದ ಫ್ರೆಂಚ್ ಶಿಲ್ಪಿಯೊಬ್ಬನಿಂದ ಕಲಿತಿದ್ದನು. ಈ ಕೆಲಸಕ್ಕೆ ಅಮೆರಿಕದ ರಾಕ್‌ಫೆಲರ್ ಹಣದ ನೆರವು ಕೊಟ್ಟನು. ದೇವದೂತನ ತಲೆಯ ಚೂರುಗಳನ್ನು ಬೆಂಕಿಯ ಮರುದಿನವೇ ಒಬ್ಬ ಪಾದ್ರಿಯು ಆರಿಸಿ ಕಾಪಾಡಿದ್ದನು. ಹಿಂದೆ ತೆಗೆದಿದ್ದ ಅಚ್ಚೊಂದರ ಸಹಾಯದಿಂದ ಅವುಗಳನ್ನು ಕೂಡಿಸಿ, 1926ರಲ್ಲಿ ತಲೆಯನ್ನು ಅದರ ಸ್ಥಳದಲ್ಲಿ ಮತ್ತೆ ಇಟ್ಟರು. ಹತ್ತಿರ ನಿಂತು ನೋಡಿದರೆ ಜೋಡಣೆಯ ಗುರುತುಗಳು ಈಗಲೂ ಕಾಣುತ್ತವೆ. ನಗೆಗೆ ಮಾತ್ರ ಕುಂದು ಬಂದಿಲ್ಲ. ಇಡೀ ಕೆಥೆಡ್ರಲ್ 1938ರಲ್ಲಿ ತೆರೆಯಿತು. ಅದರ ಮರುವರ್ಷವೇ ಎರಡನೆಯ ಮಹಾಯುದ್ಧವು ಮೊದಲಾಯಿತು.

ಯುದ್ಧ ಮುಗಿದ ಶಾಲೆ

ಆ ಯುದ್ಧವು ಯುರೋಪಿನಲ್ಲಿ ಕೊನೆಗೊಂಡುದೂ ಈ ಊರಿನ ಒಂದು ಶಾಲೆಯಲ್ಲಿಯೇ ಎಂಬುದು ನಿಮಗೆ ಸೋಜಿಗವೆನಿಸಬಹುದು. ರೈಲು ನಿಲ್ದಾಣದ ಹಿಂಭಾಗದಲ್ಲಿ ಕೆಂಪು ಇಟ್ಟಿಗೆಯ ಕಟ್ಟಡವೊಂದಿದೆ. ಅದು ಆಗ ಹುಡುಗರ ತಾಂತ್ರಿಕ ಶಾಲೆಯಾಗಿತ್ತು. 1945ರಲ್ಲಿ ಮಿತ್ರಸೇನೆಗಳ ಮಹಾದಂಡನಾಯಕನಾದ ಐಸೆನ್‌ಹೋವರನು ಅದನ್ನು ತನ್ನ ಕಚೇರಿಯನ್ನಾಗಿ ಮಾಡಿಕೊಂಡಿದ್ದನು. ಮೇ 7ರ ನಸುಕಿನಲ್ಲಿ, 2 ಗಂಟೆ 41 ನಿಮಿಷಕ್ಕೆ, ಗೋಡೆಗಳ ತುಂಬ ಯುದ್ಧದ ಭೂಪಟಗಳನ್ನು ಅಂಟಿಸಿದ್ದ ಕೋಣೆಯಲ್ಲಿ ಜರ್ಮನಿಯ ಪರವಾಗಿ ಸೇನಾಪತಿ ಯೋಡಲನು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದನು. ಮರುದಿನ ರಾತ್ರಿ ಬರ್ಲಿನ್ನಿನಲ್ಲಿ ಅದನ್ನು ಇನ್ನೊಮ್ಮೆ ಸಹಿ ಮಾಡಿ ದೃಢಪಡಿಸಿದರು. ರೀಮ್ಸಿನ ಆ ಕೋಣೆಯನ್ನು ಭೂಪಟಗಳ ಸಹಿತ ಹಾಗೆಯೇ ಉಳಿಸಿಕೊಂಡಿದ್ದಾರೆ. ಕಟ್ಟಡದ ಉಳಿದ ಭಾಗವು ಇಂದಿಗೂ ಶಾಲೆಯೇ. ರೂಸ್‌ವೆಲ್ಟನ ಹೆಸರನ್ನು ಹೊತ್ತಿದೆ. ಇತಿಹಾಸದ ಪಾಠವನ್ನು ಅಲ್ಲಿಯ ಮಕ್ಕಳು ಗೋಡೆಯಾಚೆಯ ಕೋಣೆಗೆ ಹೋಗಿಯೇ ನೋಡಿ ಬರಬಹುದು.

ಯುದ್ಧ ನಿಂತಿತು, ಆದರೆ ಸಹಿಯಿಂದ ಮಾತ್ರವೇ ಹಗೆಯು ನಿಲ್ಲುವುದಿಲ್ಲ. ಅದಕ್ಕೆ ಇನ್ನೂ ಹದಿನೇಳು ವರ್ಷ ಬೇಕಾಯಿತು. 1962ರ ಜುಲೈ 8ರಂದು ಫ್ರಾನ್ಸಿನ ರಾಷ್ಟ್ರಪತಿ ದ ಗೋಲ್ ಮತ್ತು ಜರ್ಮನಿಯ ಪ್ರಧಾನಿ ಅಡೆನೋವರ್ ಇದೇ ಕೆಥೆಡ್ರಲಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತು ಪ್ರಾರ್ಥನೆ ಸಲ್ಲಿಸಿದರು. ಬಾಗಿಲಿನ ಮುಂದಿನ ನೆಲದಲ್ಲಿ ಅದರ ನೆನಪಿನ ಕಲ್ಲನ್ನು ಹಾಸಿದ್ದಾರೆ. ಮರುವರ್ಷ ಎರಡೂ ದೇಶಗಳು ಸ್ನೇಹದ ಒಡಂಬಡಿಕೆಯನ್ನು ಮಾಡಿಕೊಂಡವು. ಅದರ ಒಂದು ಮುಖ್ಯ ಅಂಗವೆಂದರೆ ಉಭಯ ದೇಶಗಳ ಮಕ್ಕಳೂ ತರುಣರೂ ಪರಸ್ಪರ ಹೋಗಿಬಂದು ಒಬ್ಬರು ಇನ್ನೊಬ್ಬರ ಭಾಷೆಯನ್ನು ಕಲಿಯುವುದು.

ಒಡೆದ ಕಿಟಕಿಗಳ ಜಾಗಕ್ಕೆ ಹೊಸವನ್ನು ಮಾಡಿದವರ ಸಾಲು ಕೂಡ ಅರ್ಥಗರ್ಭಿತವಾದುದು. 1974ರಲ್ಲಿ ಮಾರ್ಕ್ ಶಗಾಲನ ನೀಲಿ ಕಿಟಕಿಗಳನ್ನು ಕೂಡಿಸಿದರು. ಅವನು ರಷ್ಯಾದ ಸೀಮೆಯಲ್ಲಿ ಹುಟ್ಟಿದ ಯೆಹೂದ್ಯ, ನಾತ್ಸಿಗಳ ಭಯದಿಂದ 1941ರಲ್ಲಿ ಫ್ರಾನ್ಸನ್ನು ಬಿಟ್ಟು ಹೋಗಿದ್ದವನು. 2011ರಲ್ಲಿ, ಕೆಥೆಡ್ರಲಿಗೆ 800 ವರ್ಷ ತುಂಬಿದಾಗ, ಇನ್ನೂ ಕೆಲವು ಕಿಟಕಿಗಳು ಬಂದವು. ಅವುಗಳನ್ನು ರಚಿಸಿದವನು ಇಮಿ ಕ್ನ್ಯೋಬೆಲ್; ಜರ್ಮನ್ ಚಿತ್ರಕಾರ. ಯಾರ ತೋಪುಗಳು ಹಳೆಯ ಗಾಜನ್ನು ಒಡೆದಿದ್ದವೋ ಅವರ ಮೊಮ್ಮಕ್ಕಳ ಕಾಲದವನೊಬ್ಬನು ಹೊಸ ಗಾಜನ್ನು ತಂದು ಜೋಡಿಸಿದನು.

ಸಂಜೆಯ ಗಾಡಿಯಲ್ಲಿ ನಾವು ಪ್ಯಾರಿಸಿಗೆ ಹಿಂದಿರುಗಿದೆವು. ಪೂರ್ವದ ನಿಲ್ದಾಣದಲ್ಲಿ ಇಳಿದಾಗ ಮತ್ತೆ ಆ ಚಿತ್ರದ ಕೆಳಗೆ ಬಂದೆವು. ಬೆಳಗ್ಗೆ ಕೇವಲ ಚಿತ್ರವಾಗಿ ತೋರಿದ್ದು ಈಗ ಬೇರೆಯಾಗಿ ಕಂಡಿತು. ಹೂಗುಚ್ಛ ಹಿಡಿದ ಆ ತಂದೆಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆವು.

ಅರಸರಿಗೆ ಕಿರೀಟವಿಟ್ಟ ಊರೆಂದು ರೀಮ್ಸನ್ನು ಹೊಗಳುವರು. ಆ ಅರಸರು ಹೋದರು, ತೈಲದ ಕುಪ್ಪಿಯೂ ಒಡೆಯಿತು. ಉಳಿದುದು ಮೂರು ಶಾಲೆಗಳ ಕಥೆ: ಬಡ ಮಗುವಿಗೆ ಅದರ ನುಡಿಯಲ್ಲಿಯೇ ಅಕ್ಷರ ಕಲಿಸಿದ ಶಾಲೆ, ಗುಂಡಿನ ಮಳೆಯಲ್ಲಿಯೂ ಬಾಗಿಲು ಮುಚ್ಚದ ಶಾಲೆ, ಮಹಾಯುದ್ಧವು ಮುಗಿದ ಶಾಲೆ. ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಶಾಲೆ ಚಿಕ್ಕದು. ಪಟದ ಮೇಲೆ ಮಕ್ಕಳ ಹೆಸರುಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿವೆಯೆಂದು ಹಿರಿಯರು ಚಿಂತಿಸುವುದನ್ನು ನೀವು ಕೇಳಿದ್ದೀರಿ. ನೆಲಮಾಳಿಗೆಯಲ್ಲಿ ದೀಪ ಹಚ್ಚಿ ಕುಳಿತ ಆ ಮಕ್ಕಳನ್ನು ನೆನೆಯಿರಿ. ಶಾಲೆಯನ್ನು ಉಳಿಸುವವರು ಅದರಲ್ಲಿ ಪ್ರತಿದಿನ ಬಂದು ಕೂತು ಮನಸ್ಸಿಟ್ಟು ಕಲಿಯುವವರೇ.

ಅಭ್ಯಾಸ

1. ಅತಿವೇಗದ ರೈಲಿನ ಚಾಲಕನಿಗೆ ಸೂಚನೆಗಳು ಗಾಡಿಯ ಒಳಗೇ ಏಕೆ ಬರಬೇಕು?
2. ಕೆಥೆಡ್ರಲಿನ ಹೊರಗಣ ಅರೆಕಮಾನುಗಳ ಕೆಲಸವೇನು? ಚಿತ್ರ ಬರೆದು ವಿವರಿಸಿರಿ.
3. ಮಕ್ಕಳಿಗೆ ಮೊದಲು ತಾಯ್ನುಡಿಯಲ್ಲಿ ಓದು ಕಲಿಸಬೇಕೆಂಬುದಕ್ಕೆ ಲಾ ಸಾಲನು ಕೊಟ್ಟ ಕಾರಣಗಳಾವುವು? ನಿಮ್ಮ ಅನುಭವದಿಂದ ಇನ್ನೊಂದನ್ನು ಸೇರಿಸಿರಿ.
4. 1914ರ ಬೆಂಕಿಯ ದಿನ ಪಾದ್ರಿಗಳು ಮಾಡಿದುದು ಸರಿಯೇ? ಅಂದಿನ ಜನರ ಕೋಪವನ್ನೂ ಅರಿತು ಉತ್ತರ ಬರೆಯಿರಿ.
5. ನಿಮ್ಮ ಊರಿಗೆ ಒಂದು ಗಂಟೆಯ ರೈಲಿನ ಹಾದಿಯಲ್ಲಿರುವ ಹಳೆಯ ಊರೊಂದನ್ನು ನೋಡಿ ಬಂದು, ಅಲ್ಲಿಯ ಒಂದು ಶಾಲೆಯ ಚರಿತ್ರೆಯನ್ನು ಕೇಳಿ ಬರೆಯಿರಿ.